ಹಗುರ ಡಾರ್ಕ್ ಮ್ಯಾಟರ್ ಇದ್ದರೆ ಗಾಮಾ ಟೆಲಿಸ್ಕೋಪಿಗೆ ಸಿಗುತ್ತದಾ?

ಸುಮ್ನೆ_ಕೇಳ್ದೆ:
ನೆಲದಡಿ ಸುಮಾರು ಒಂದೂವರೆ ಕಿಲೋಮೀಟರ್ ಆಳದಲ್ಲಿ 10 ಟನ್ ದ್ರವ ಜೆನಾನ್ ತುಂಬಿಕೊಂಡು ಎಲ್‌ಝಡ್ ಪ್ರಯೋಗ ಡಾರ್ಕ್ ಮ್ಯಾಟರ್ ಕಣ, ಅಂದರೆ ಬೆಳಕು ಕೊಡದೆ ಗುರುತ್ವದಿಂದ ಮಾತ್ರ ಗೊತ್ತಾಗುವ ವಸ್ತುವಿನ ಕಣ, ಬಂದು ಡಿಕ್ಕಿ ಹೊಡೆಯಲಿ ಅಂತ ಕಾದು ಕೂತಿದೆ. ಜೆನಾನ್-ಎನ್‌ಟಿ ಕಥೆಯೂ ಅದೇ. ಡಾರ್ಕ್ ಮ್ಯಾಟರ್ ಸಿಕ್ಕಿತು ಅಂತ ಯಾರೂ ಹೇಳಿಲ್ಲ. ಈಗ ನೋಡಿದರೆ ಕಣ ಪ್ರೋಟಾನಿಗಿಂತ ಹಗುರ ಇರಬಹುದು, ಅದನ್ನು ಗಾಮಾ ಕಿರಣದಲ್ಲಿ ಹುಡುಕಬೇಕು ಅನ್ನುವ ಮಾತು ಜಾಸ್ತಿ ಕೇಳಿಬರುತ್ತಿದೆ. ನನಗೆ ಎರಡು ಅನುಮಾನ. ಹಗುರ ಆದ ಮಾತ್ರಕ್ಕೆ ತೊಟ್ಟಿಗೆ ಯಾಕೆ ಕಾಣಬಾರದು? ಇನ್ನೊಂದು, ಬೆಳಕೇ ಕೊಡದ ವಸ್ತುವನ್ನು ಬೆಳಕು ಹಿಡಿಯುವ ಟೆಲಿಸ್ಕೋಪಿನಲ್ಲಿ ಹುಡುಕೋದು ಹೇಗೆ? ಗಾಮಾ ನೋಡುವ ಫರ್ಮಿ ಉಪಗ್ರಹ 2008ರಿಂದ ಮೇಲೆಯೇ ಇದೆ, ಅದಕ್ಕೆ ಸಿಗದ್ದು ಇನ್ಯಾವುದಕ್ಕೆ ಸಿಗುತ್ತದೆ?

ಬಾನಂಚು:
ಮೊದಲನೆಯದಕ್ಕೆ ಲೆಕ್ಕ ಹಾಕಿ ನೋಡೋಣ, ಮಾತಿಗಿಂತ ಅದೇ ಬೇಗ ಅರ್ಥ ಆಗುತ್ತದೆ. ಕಣದ ತೂಕ 10 ಎಂಇವಿ ಅಂದುಕೊಳ್ಳಿ (ಕಣಗಳ ತೂಕವನ್ನೂ ಶಕ್ತಿಯನ್ನೂ ಎಲೆಕ್ಟ್ರಾನ್ ವೋಲ್ಟಿನಲ್ಲೇ ಅಳೆಯುತ್ತಾರೆ: ಕೆಇವಿ ಅಂದರೆ ಸಾವಿರ, ಎಂಇವಿ ಹತ್ತು ಲಕ್ಷ, ಜಿಇವಿ ನೂರು ಕೋಟಿ). ಎಲೆಕ್ಟ್ರಾನಿನ ಸುಮಾರು 20 ಪಟ್ಟು, ಪ್ರೋಟಾನಿನ ನೂರರಲ್ಲಿ ಒಂದು ಪಾಲು. ಆಕಾಶಗಂಗೆಯೊಳಗೆ ಇಂಥ ಕಣಗಳು ಓಡಾಡುವ ವೇಗ ಬೆಳಕಿನ ವೇಗದ ಸಾವಿರದಲ್ಲಿ ಒಂದು ಪಾಲಿನ ಆಸುಪಾಸು. ಆ ವೇಗದಲ್ಲಿ ಅದರ ಚಲನಶಕ್ತಿ ಬರೀ 5 ಎಲೆಕ್ಟ್ರಾನ್ ವೋಲ್ಟ್. ಈ ಪುಟ್ಟ ಕಣ 122 ಜಿಇವಿ ತೂಕದ ಜೆನಾನ್ ನ್ಯೂಕ್ಲಿಯಸ್ಸಿಗೆ ನೇರ ಡಿಕ್ಕಿ ಹೊಡೆದರೂ ಅದಕ್ಕೆ ದಾಟಿಸುವುದು ಒಂದು ಎಲೆಕ್ಟ್ರಾನ್ ವೋಲ್ಟಿನ ಸಾವಿರದಲ್ಲಿ ಒಂದೆರಡು ಪಾಲು ಅಷ್ಟೇ. ತೊಟ್ಟಿ ಗುರುತಿಸಬೇಕು ಅಂದರೆ ಸಾವಿರಾರು ಎಲೆಕ್ಟ್ರಾನ್ ವೋಲ್ಟಿನ ಏಟು ಬೇಕು. ಲೆಕ್ಕಕ್ಕೇ ಸಿಗಲ್ಲ.

ಅದಕ್ಕೇ ಕೆಲವರು ನ್ಯೂಕ್ಲಿಯಸ್ ಬಿಟ್ಟು ಎಲೆಕ್ಟ್ರಾನಿಗೆ ಬೀಳುವ ಏಟು ನೋಡುತ್ತಾರೆ. ಸೆನ್ಸೈ, ಡಾಮಿಕ್-ಎಂ ಪ್ರಯೋಗಗಳು ಕ್ಯಾಮೆರಾದಲ್ಲಿರುವಂಥ ಸಿಲಿಕಾನ್ ಚಿಪ್ಪಿನಲ್ಲಿ (ಸಿಸಿಡಿ) ಒಂದೊಂದೇ ಎಲೆಕ್ಟ್ರಾನ್ ಎಣಿಸುವುದು ಇದಕ್ಕಾಗಿಯೇ.

ಎರಡನೆಯದಕ್ಕೆ ಬರೋಣ. ಡಿಕ್ಕಿ ಹೊಡೆದಾಗ ಸಿಗುವುದು ಕಣದ ಚಲನಶಕ್ತಿ, ಅದೂ ಚೂರುಪಾರು. ಎರಡು ಕಣ ಪರಸ್ಪರ ನಾಶವಾದರೆ ಅವುಗಳ ಇಡೀ ದ್ರವ್ಯರಾಶಿಯೇ ಶಕ್ತಿಯಾಗಿ ಹೊರಬರುತ್ತದೆ. ಅದೇ ಕಣ ತೊಟ್ಟಿಯಲ್ಲಿ 5 ಎಲೆಕ್ಟ್ರಾನ್ ವೋಲ್ಟ್ ಇಟ್ಟುಕೊಂಡು ಒದ್ದಾಡುತ್ತಿದ್ದರೆ, ಆಕಾಶದಲ್ಲಿ ಜೋಡಿಯಾಗಿ ನಾಶವಾದಾಗ 2 ಕೋಟಿ ಎಲೆಕ್ಟ್ರಾನ್ ವೋಲ್ಟ್ ಬಿಡುಗಡೆ ಮಾಡುತ್ತದೆ. ಅದರಲ್ಲಿ ಒಂದಿಷ್ಟು ಗಾಮಾ ಫೋಟಾನ್ ಆದರೂ ಸಾಕು. ಕಣ ತಾನು ಬೆಳಗಬೇಕಾಗಿಲ್ಲ, ಸಾಯುವಾಗ ಬೆಳಕು ಬಿಟ್ಟರೆ ಆಯಿತು.

ಹಗುರ ಕಣಕ್ಕೆ ಇನ್ನೊಂದು ಅನುಕೂಲ ಇದೆ. ನಮ್ಮ ಸುತ್ತ ಡಾರ್ಕ್ ಮ್ಯಾಟರಿನ ಸಾಂದ್ರತೆ ಪ್ರತಿ ಘನ ಸೆಂಟಿಮೀಟರಿಗೆ ಸುಮಾರು 0.4 ಜಿಇವಿ. ಕಣ 100 ಜಿಇವಿ ಇದ್ದರೆ ಒಂದು ಲೀಟರ್ ಜಾಗದಲ್ಲಿ 4 ಕಣ. 10 ಎಂಇವಿ ಇದ್ದರೆ ಅದೇ ಲೀಟರಿನಲ್ಲಿ 40,000. ನಾಶ ಆಗೋಕೆ ಇಬ್ಬರು ಎದುರಾಗಬೇಕು, ಹಾಗಾಗಿ ದರ ಸಂಖ್ಯೆಯ ವರ್ಗದ ಹಾಗೆ ಏರುತ್ತದೆ: ಹತ್ತು ಸಾವಿರ ಪಟ್ಟಿನ ವರ್ಗ, ಅಂದರೆ 10 ಕೋಟಿ ಪಟ್ಟು. ಮಿಕ್ಕಿದ್ದೆಲ್ಲ ಒಂದೇ ಇದ್ದರೆ ಅನ್ನುವ ಷರತ್ತು ಇದೆ, ಮಿಕ್ಕಿದ್ದು ಒಂದೇ ಇರಲ್ಲ, ಅದನ್ನು ಇಲ್ಲಿ ಯಾರಾದರೂ ಎತ್ತೇ ಎತ್ತುತ್ತಾರೆ.

ಗೆರೆಗಾರ:
ಬಾನಂಚು ಒಂದು ಮಾತು ಬಿಟ್ಟರು, ನನಗೆ ಅದೇ ಮುಖ್ಯ. ಭಾರಿ ಕಣ ನಾಶವಾದರೆ ಕ್ವಾರ್ಕು, ಡಬ್ಲ್ಯೂ ಬೋಸಾನು, ಟೌ, ಏನೇನೋ ಹುಟ್ಟಿ, ಅವು ಮತ್ತೆ ಒಡೆದು, ಕೊನೆಗೆ ಬರುವ ಗಾಮಾ ರೋಹಿತ (ಯಾವ ಶಕ್ತಿಯಲ್ಲಿ ಎಷ್ಟು ಫೋಟಾನ್ ಅನ್ನುವ ಚಿತ್ರ) ಒಂದು ದಪ್ಪನೆಯ ಉಬ್ಬು. ಗಿರಗಿರ ತಿರುಗುವ ನ್ಯೂಟ್ರಾನ್ ನಕ್ಷತ್ರಗಳು, ಅಂದರೆ ಪಲ್ಸಾರುಗಳೂ ಅಂಥದೇ ಉಬ್ಬು ಕೊಡುತ್ತವೆ. ಆಕಾಶಗಂಗೆಯ ನಡುವಿನಿಂದ ಬರುವ ಹೆಚ್ಚುವರಿ ಜಿಇವಿ ಗಾಮಾ ಕಿರಣವನ್ನು 2009ರಲ್ಲಿ ಗುಡ್‌ಎನಫ್ ಮತ್ತು ಹೂಪರ್ ತೋರಿಸಿದರಲ್ಲ, ಅದು ಡಾರ್ಕ್ ಮ್ಯಾಟರೋ ಮಿಲಿಸೆಕೆಂಡ್ ಪಲ್ಸಾರೋ ಅನ್ನುವ ಜಗಳ ಇನ್ನೂ ಮುಗಿದಿಲ್ಲ.

ಹಗುರ ಕಣಕ್ಕೆ ಈ ಗೋಜಲಿಲ್ಲ. ಮ್ಯುವಾನ್ 105.7 ಎಂಇವಿ, ತಟಸ್ಥ ಪಯಾನ್ 135 ಎಂಇವಿ. ನಿಮ್ಮ ಕಣ 100 ಎಂಇವಿಗಿಂತ ಕಡಿಮೆ ಇದ್ದರೆ ಇವು ಯಾವುವನ್ನೂ ಜೋಡಿಯಾಗಿ ಹುಟ್ಟಿಸೋಕಾಗಲ್ಲ. ಉಳಿದದ್ದು ಫೋಟಾನ್, ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣ ಪಾಸಿಟ್ರಾನಿನ ಜೋಡಿ, ನ್ಯೂಟ್ರಿನೋ. ಎರಡು ಫೋಟಾನ್ ಆದರೆ ಕಣದ ತೂಕದಷ್ಟೇ ಶಕ್ತಿಯಲ್ಲಿ ಚೂಪಾದ ಗೆರೆ. ಕಣ ತಾನಾಗೇ ಕ್ಷಯಿಸಿ ಎರಡು ಫೋಟಾನ್ ಆದರೆ ಅದರ ಅರ್ಧ ಶಕ್ತಿಯಲ್ಲಿ ಗೆರೆ. ಎಲೆಕ್ಟ್ರಾನ್ ಜೋಡಿ ಆದರೆ ಹುಟ್ಟುವ ಕ್ಷಣದಲ್ಲೇ ಕೆಲವು ಸಲ ಒಂದು ಫೋಟಾನ್ ಚಿಮ್ಮುತ್ತದೆ, ಆಗ ಸಿಗುವುದು ಹರಡಿದ ರೋಹಿತ, ಆದರೆ ಕಣದ ತೂಕ ಬಂದ ತಕ್ಷಣ ಕತ್ತರಿಸಿದ ಹಾಗೆ ನಿಂತುಬಿಡುತ್ತದೆ. ಆ ಅಂಚೇ ಗುರುತು. ಇಷ್ಟು ಅಚ್ಚುಕಟ್ಟಾದ ಸುಳಿವನ್ನು ಬೇರೆ ಯಾವ ತೂಕದ ಕಣವೂ ಕೊಡಲ್ಲ.

ಕಾಂಪ್ಟನ್_ಕೋನ:
ಅಚ್ಚುಕಟ್ಟು ಸರಿ, ಹಿಡಿಯೋಕೆ ಯಂತ್ರ ಬೇಕಲ್ಲ ಗುರುಗಳೇ. ಉಪಕರಣದ ಕಡೆಯಿಂದ ನಾನು ಸ್ವಲ್ಪ ಉದ್ದವಾಗೇ ಬರೆಯುತ್ತೇನೆ, ಯಾಕೆಂದರೆ ಫರ್ಮಿ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಎಕ್ಸ್-ರೇ ಆದರೆ ಕನ್ನಡಿಗೆ ಓರೆಯಾಗಿ ತಾಗಿಸಿ ಒಂದೆಡೆ ಸೇರಿಸಬಹುದು. ನುಸ್ಟಾರ್ ಉಪಗ್ರಹ ಅದನ್ನು 79 ಕೆಇವಿ ತನಕ ಮಾಡುತ್ತದೆ. ಎಂಇವಿ ಫೋಟಾನ್ ಯಾವ ಕನ್ನಡಿಗೂ ಜಗ್ಗಲ್ಲ. ಜಿಇವಿ ಮಟ್ಟಕ್ಕೆ ಹೋದರೆ ಮತ್ತೆ ಸುಲಭ: ಟಂಗ್‌ಸ್ಟನ್ ಹಾಳೆಗೆ ಬಡಿದ ಫೋಟಾನ್ ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಯಾಗಿ ಒಡೆಯುತ್ತದೆ, ಆ ಜೋಡಿಯ ಜಾಡನ್ನು ಸಿಲಿಕಾನ್ ಪಟ್ಟಿಗಳು ದಾಖಲಿಸುತ್ತವೆ, ಜಾಡು ಹಿಂದಕ್ಕೆ ಎಳೆದರೆ ಫೋಟಾನ್ ಬಂದ ದಿಕ್ಕು. ಫರ್ಮಿಯ ಮುಖ್ಯ ಉಪಕರಣ ಮಾಡೋದು ಇದನ್ನೇ. ಆದರೆ 100 ಎಂಇವಿಗಿಂತ ಕೆಳಗೆ ಬಂದರೆ ಆ ಜೋಡಿ ಟಂಗ್‌ಸ್ಟನ್ ಒಳಗೇ ಅತ್ತಿತ್ತ ಚದುರಿ ಜಾಡು ಕಲಸಿಹೋಗುತ್ತದೆ. 20 ಎಂಇವಿ ತನಕ ನೋಡಬಹುದು ಅಂತ ಕಾಗದದಲ್ಲಿ ಇದೆ, ಹೆಚ್ಚು ಜನ ಅಷ್ಟು ಕೆಳಗಿನ ಡೇಟಾ ಮುಟ್ಟೋಕೆ ಹೋಗಲ್ಲ.

ಇನ್ನೂ ಕೆಳಗೆ, ಕೆಲವು ಎಂಇವಿಯಲ್ಲಿ, ಕಾಂಪ್ಟನ್ ಚದುರುವಿಕೆಯದೇ ರಾಜ್ಯಭಾರ. ಫೋಟಾನ್ ಒಂದು ಎಲೆಕ್ಟ್ರಾನಿಗೆ ತಾಗಿ, ಒಂದಿಷ್ಟು ಶಕ್ತಿ ಕೊಟ್ಟು, ದಿಕ್ಕು ಬದಲಿಸಿ ಮುಂದೆ ಹೋಗುತ್ತದೆ. ಒಂದು ಘಟನೆ ತೆಗೆದುಕೊಳ್ಳಿ. ಜರ್ಮೇನಿಯಂ ಡಿಟೆಕ್ಟರಿನಲ್ಲಿ ಮೊದಲ ಜಾಗದಲ್ಲಿ 300 ಕೆಇವಿ ಬಿತ್ತು, ಎರಡನೇ ಜಾಗದಲ್ಲಿ 700 ಕೆಇವಿ ಬಿದ್ದು ಫೋಟಾನ್ ಮುಗಿಯಿತು. ಒಟ್ಟು 1 ಎಂಇವಿ. ಕಾಂಪ್ಟನ್ ಸೂತ್ರಕ್ಕೆ ಹಾಕಿದರೆ ತಿರುಗಿದ ಕೋನ ಸುಮಾರು 39 ಡಿಗ್ರಿ. ಸಂತೋಷ. ಆದರೆ 39 ಡಿಗ್ರಿ ಯಾವ ಕಡೆಗೆ? ಗೊತ್ತಿಲ್ಲ. ಹಾಗಾಗಿ ಆ ಒಂದು ಫೋಟಾನ್ ಆಕಾಶದಲ್ಲಿ ಒಂದು ಚುಕ್ಕಿ ಕೊಡಲ್ಲ, ಒಂದು ದೊಡ್ಡ ಬಳೆ ಕೊಡುತ್ತದೆ, ಆ ಬಳೆಯ ಮೇಲೆ ಎಲ್ಲಿಂದ ಬೇಕಾದರೂ ಬಂದಿರಬಹುದು. ಸಾವಿರಾರು ಬಳೆಗಳನ್ನು ಒಂದರ ಮೇಲೊಂದು ಹಾಕಿ ಎಲ್ಲಿ ಹೆಚ್ಚು ಕೂಡುತ್ತವೆ ಅಂತ ನೋಡಬೇಕು. ಜೊತೆಗೆ ಯಾವ ಏಟು ಮೊದಲು ಬಿತ್ತು ಅನ್ನೋದೂ ಗ್ಯಾರಂಟಿ ಇಲ್ಲ. ಎರಡೂ ಜಾಗ ಹತ್ತಿರ ಇದ್ದರೆ ಸಮಯದಿಂದ ಹೇಳೋಕಾಗಲ್ಲ, ಸಂಭವನೀಯತೆ ಲೆಕ್ಕ ಹಾಕಿ ಊಹಿಸಬೇಕು.

ಇದಕ್ಕಿಂತ ದೊಡ್ಡ ತಲೆನೋವು ಉಪಗ್ರಹದ್ದೇ ಗಲಾಟೆ. ಕಾಸ್ಮಿಕ್ ಕಿರಣ ಬಡಿದು ಉಪಗ್ರಹದ ಲೋಹವೇ ವಿಕಿರಣಶೀಲ ಆಗುತ್ತದೆ. ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಸೋಡಿಯಂ-24 ಹುಟ್ಟುತ್ತದೆ, ಅದರ ಅರ್ಧಾಯುಷ್ಯ 15 ಗಂಟೆ, 1.37 ಮತ್ತು 2.75 ಎಂಇವಿ ಗೆರೆ ಬಿಡುತ್ತಾ ಕೂರುತ್ತದೆ. ಯಂತ್ರದ ಮೈಯೇ ಹೊಳೆಯುವಾಗ ಆಕಾಶದ ಮಂಕು ಹೊಳಪು ಹುಡುಕಬೇಕು.

ಈ ಎಲ್ಲ ಕಾರಣಕ್ಕೆ 1991ರಲ್ಲಿ ಹಾರಿ 2000ದಲ್ಲಿ ಕಡಲಿಗಿಳಿದ ಕಾಂಪ್ಟನ್ ವೀಕ್ಷಣಾಲಯದ ಕಾಂಪ್ಟೆಲ್ ಉಪಕರಣ 0.75ರಿಂದ 30 ಎಂಇವಿ ತನಕ ಮಾಡಿದ ಇಡೀ ಆಕಾಶದ ನಕ್ಷೆಯನ್ನು ಮೀರಿಸುವುದು ಇನ್ನೂ ಬಂದಿಲ್ಲ. ಇಂಟೆಗ್ರಲ್ ಉಪಗ್ರಹದ ಎಸ್‌ಪಿಐ ಉಪಕರಣ ಕೆಳಗಿನ ಶಕ್ತಿಯಲ್ಲಿ ಗೆರೆಗಳನ್ನು ಬಹಳ ಚೆನ್ನಾಗಿ ನೋಡಿತು. ಅದರ ವೀಕ್ಷಣೆಯೂ 2025ರ ಫೆಬ್ರವರಿಯಲ್ಲಿ ನಿಂತಿತು.

ಸುಮ್ನೆ_ಕೇಳ್ದೆ:
ಅಂದರೆ ಫರ್ಮಿಗೆ ಸಿಗಲಿಲ್ಲ ಅನ್ನೋದಕ್ಕಿಂತ ಫರ್ಮಿ ಆ ಕಡೆ ಸರಿಯಾಗಿ ನೋಡಿಯೇ ಇಲ್ಲ ಅನ್ನಬೇಕು, ಅಲ್ವಾ?

ಕಾಂಪ್ಟನ್_ಕೋನ:
ಹೌದು. ಅದು ಅದಕ್ಕಾಗಿ ಮಾಡಿದ್ದೇ ಅಲ್ಲ.

ಗೆರೆಗಾರ:
ಈಗ ನನ್ನ ಹಳೇ ಹಠಕ್ಕೆ ಬರುತ್ತೇನೆ. ಸುಳಿವು ಸಿಕ್ಕಿಲ್ಲ ಅಂತ ಎಲ್ಲರೂ ಅನ್ನುತ್ತೀರಿ. ಆಕಾಶಗಂಗೆಯ ನಡುಭಾಗದಿಂದ 511 ಕೆಇವಿ ಗೆರೆ 1970ರ ದಶಕದಿಂದ ಕಣ್ಣೆದುರೇ ಇದೆ. ಬಲೂನಿನಲ್ಲಿ ಉಪಕರಣ ಹಾರಿಸಿದಾಗಲೇ ಕಂಡಿತು. ಪಾಸಿಟ್ರಾನ್ ಎಲೆಕ್ಟ್ರಾನಿಗೆ ಸಿಕ್ಕಿ ಸಾಯುವಾಗ ಬರುವ ಗೆರೆ ಅದು. ಇಂಟೆಗ್ರಲ್ ಲೆಕ್ಕದ ಪ್ರಕಾರ ಪ್ರತಿ ಸೆಕೆಂಡಿಗೆ ಒಂದರ ಮುಂದೆ 43 ಸೊನ್ನೆ ಹಾಕಿದಷ್ಟು ಪಾಸಿಟ್ರಾನ್ ಅಲ್ಲಿ ನಾಶ ಆಗುತ್ತಿವೆ. ಅದೂ ಆಕಾಶಗಂಗೆಯ ಚಪ್ಪಟೆ ತಟ್ಟೆಗಿಂತ ನಡುವಿನ ನಕ್ಷತ್ರಗಳ ಉಬ್ಬಿನಲ್ಲಿ ಎದ್ದು ಕಾಣುತ್ತದೆ. ಸೂಪರ್‌ನೋವಾ, ಭಾರಿ ನಕ್ಷತ್ರ ಇವೆಲ್ಲ ಹೆಚ್ಚಾಗಿ ತಟ್ಟೆಯಲ್ಲಿ ಇರುವವು. ಹಾಗಿದ್ದ ಮೇಲೆ ನಡುವಿನಲ್ಲಿ ಅಷ್ಟು ಪಾಸಿಟ್ರಾನ್ ಸುರಿಯುತ್ತಿರುವುದು ಯಾರು? 2004ರಲ್ಲಿ ಸೆಲಿನ್ ಬೋಮ್ ಮತ್ತು ಜೊತೆಗಾರರು ಇದೇ ಪ್ರಶ್ನೆಗೆ ಎಂಇವಿ ಡಾರ್ಕ್ ಮ್ಯಾಟರ್ ಅಂತ ಉತ್ತರ ಕೊಟ್ಟರು. ಆ ಉತ್ತರ ಸತ್ತಿಲ್ಲ.

ಬಾನಂಚು:
ಸತ್ತಿಲ್ಲ, ಆದರೆ ಐಸಿಯುನಲ್ಲಿ ಇದೆ. ನೋಡಿ, ಪಾಸಿಟ್ರಾನ್ ಹುಟ್ಟುವಾಗ ಶಕ್ತಿ ಜಾಸ್ತಿ ಇದ್ದರೆ ಅದರಲ್ಲಿ ಒಂದು ಪಾಲು ನಿಧಾನವಾಗುವ ಮೊದಲೇ, ಓಡುತ್ತಿರುವಾಗಲೇ ನಾಶ ಆಗುತ್ತದೆ. ಆಗ 511 ಅಲ್ಲ, ಅದಕ್ಕಿಂತ ಮೇಲಿನ ಶಕ್ತಿಯ ಫೋಟಾನ್ ಬರಬೇಕು. ಅಂಥ ಹೆಚ್ಚುವರಿ ಅಲ್ಲಿ ಕಾಣಲ್ಲ. 2006ರಲ್ಲಿ ಬೀಕಮ್ ಮತ್ತು ಯೂಕ್ಸೆಲ್ ಇದನ್ನು ಲೆಕ್ಕ ಮಾಡಿ, ಪಾಸಿಟ್ರಾನ್ ಹುಟ್ಟುವಾಗಿನ ಶಕ್ತಿ ಸುಮಾರು 3 ಎಂಇವಿ ದಾಟುವ ಹಾಗಿಲ್ಲ ಅಂದರು. ಅಂದರೆ ನಾಶವಾಗಿ ನೇರವಾಗಿ ಎಲೆಕ್ಟ್ರಾನ್ ಜೋಡಿ ಕೊಡುವ ಕಣದ ತೂಕವೂ ಅಷ್ಟರೊಳಗೇ ಇರಬೇಕು. ಇತ್ತ ಬ್ರಹ್ಮಾಂಡದ ಮೊದಲ ನಿಮಿಷಗಳ ಕಡೆಯಿಂದ ಇನ್ನೊಂದು ಒತ್ತಡ. ಆಗಿನ ಕಣಗಳ ಬಿಸಿ ಸಾರಿನೊಳಗೆ ಬೆಂದು ಬಂದ ಡಾರ್ಕ್ ಮ್ಯಾಟರ್ ಕಣ ಕೆಲವೇ ಎಂಇವಿ ತೂಕದ್ದಾದರೆ, ನ್ಯೂಟ್ರಿನೋಗಳು ಬೇರ್ಪಟ್ಟ ಮೇಲೆ ಅದು ನಾಶವಾಗಿ ಎಲೆಕ್ಟ್ರಾನ್, ಫೋಟಾನ್‌ಗಳನ್ನು ಮಾತ್ರ ಬಿಸಿ ಮಾಡುತ್ತದೆ, ನ್ಯೂಟ್ರಿನೋಗಳ ಪಾಲು ಕಡಿಮೆ ಕಾಣುತ್ತದೆ. ಅಳತೆಗಳು ಹಾಗೆ ಹೇಳುತ್ತಿಲ್ಲ. ಮೇಲಿನಿಂದಲೂ ಕೆಳಗಿನಿಂದಲೂ ಅಮುಕಿದ ಮೇಲೆ ಉಳಿದ ಜಾಗ ಬಹಳ ಇಕ್ಕಟ್ಟು.

ಇನ್ನೊಂದು ವಿಷಯ. ಈ ಗೆರೆ ಹೇಳುವುದು ಪಾಸಿಟ್ರಾನ್ ಎಲ್ಲಿ ಸತ್ತಿತು ಅಂತ. ಎಲ್ಲಿ ಹುಟ್ಟಿತು ಅಂತಲ್ಲ. ತಟ್ಟೆಯಲ್ಲಿ ಅಲ್ಯೂಮಿನಿಯಂ-26 ಕ್ಷಯಿಸುತ್ತಾ ಪಾಸಿಟ್ರಾನ್ ಕೊಡುತ್ತಿದೆ, ಅದರ 1.809 ಎಂಇವಿ ಗೆರೆ ಸ್ಪಷ್ಟವಾಗಿ ಕಾಣುತ್ತದೆ, ಅದು ಕಟ್ಟುಕಥೆಯಲ್ಲ. ನಡುಭಾಗದಲ್ಲಿ ಹಳೆಯ ನಕ್ಷತ್ರಗಳೂ ಎಕ್ಸ್-ರೇ ಬಿಡುವ ಜೋಡಿ ನಕ್ಷತ್ರಗಳೂ ತುಂಬಿಕೊಂಡಿವೆ. ಪಾಸಿಟ್ರಾನ್ ಎಷ್ಟು ದೂರ ಅಲೆದು ಸಾಯುತ್ತದೆ ಅನ್ನೋದೇ ಬಗೆಹರಿಯದೆ ಹುಬ್ಬುಗಂಟು ಹಾಕಿಕೊಂಡು ಕೂತಿದ್ದಾರೆ ಎಲ್ಲ. ನನ್ನ ಅಭಿಪ್ರಾಯ ಕೇಳಿದರೆ 511 ಗೆರೆಯನ್ನು ಸಾಕ್ಷಿ ಅಂತ ಹಿಡಿಯಬಾರದು, ಮಿತಿ ಅಂತ ಬಳಸಬೇಕು. ಡಾರ್ಕ್ ಮ್ಯಾಟರ್ ಇದಕ್ಕಿಂತ ಜಾಸ್ತಿ ಪಾಸಿಟ್ರಾನ್ ಸುರಿಯುತ್ತಿಲ್ಲ, ಅಷ್ಟೇ.

ಸಂಜೆ_ಶುಕ್ರ:
ಇಷ್ಟು ಹೊತ್ತು ಸುಮ್ಮನಿದ್ದೆ. ಬ್ರಹ್ಮಾಂಡದ ಹಿನ್ನೆಲೆ ವಿಕಿರಣ, ಅಂದರೆ ಮೊದಲ ಕಾಲದಿಂದ ಉಳಿದ ಬೆಳಕು, ಅಳೆದ ಪ್ಲಾಂಕ್ ಉಪಗ್ರಹದ ಹೆಸರೇ ಇಲ್ಲಿ ಯಾರೂ ಎತ್ತುತ್ತಿಲ್ಲ. ಹಗುರ ಕಣ ಅಷ್ಟು ಸಂಖ್ಯೆಯಲ್ಲಿ ಇದ್ದು ಈಗಲೂ ನಾಶ ಆಗುತ್ತಿದ್ದರೆ, ಬ್ರಹ್ಮಾಂಡಕ್ಕೆ 3,80,000 ವರ್ಷ ಆಗಿದ್ದಾಗಲೂ ಆಗುತ್ತಿತ್ತು, ಆಗ ಸಾಂದ್ರತೆ ಇನ್ನೂ ಜಾಸ್ತಿ. ಆ ಶಕ್ತಿ ಹೈಡ್ರೋಜನ್ನನ್ನು ಮತ್ತೆ ಅಯಾನೀಕರಿಸಿ ಹಿನ್ನೆಲೆ ವಿಕಿರಣದ ಏರಿಳಿತವನ್ನೇ ಮಸುಕು ಮಾಡಬೇಕಿತ್ತು. ಪ್ಲಾಂಕ್ ಅಂಥದ್ದು ನೋಡಲಿಲ್ಲ. ಈಗಿರುವಷ್ಟು ಡಾರ್ಕ್ ಮ್ಯಾಟರ್ ಉಳಿಯಬೇಕಾದರೆ ಬೇಕಾದ ನಾಶದ ದರ ಇದೆಯಲ್ಲ, ಆ ದರ ಕಾಲಕಾಲಕ್ಕೂ ಒಂದೇ ಇದ್ದರೆ, ಎಲೆಕ್ಟ್ರಾನಿಗೆ ಒಡೆಯುವ ಎಂಇವಿ ಕಣ ಪೂರ್ತಿ ಔಟ್. 10 ಎಂಇವಿ ಕಣಕ್ಕೆ ಪ್ಲಾಂಕ್ ಬಿಟ್ಟಿರುವ ದರ ಅದರ ಸಾವಿರಾರು ಪಾಲಿನಲ್ಲಿ ಒಂದು. ಹಾಗಿದ್ದ ಮೇಲೆ ಟೆಲಿಸ್ಕೋಪ್ ಹಾರಿಸೋದು ಯಾಕೆ?

ಬಾನಂಚು:
ಬರಬೇಕಾದ ಪ್ರಶ್ನೆ ಬಂತು. "ದರ ಕಾಲಕಾಲಕ್ಕೂ ಒಂದೇ ಇದ್ದರೆ" ಅಂದಿರಲ್ಲ, ಇಡೀ ಆಟ ಅಲ್ಲಿದೆ. ಕೆಲವು ಮಾದರಿಗಳಲ್ಲಿ ನಾಶದ ದರ ಕಣಗಳ ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ, ಪಿ-ವೇವ್ ಅನ್ನುತ್ತಾರೆ. ಮೊದಲ ಕ್ಷಣಗಳಲ್ಲಿ ಕಣ ವೇಗವಾಗಿತ್ತು, ದರ ಜಾಸ್ತಿ. ಹಿನ್ನೆಲೆ ವಿಕಿರಣದ ಹೊತ್ತಿಗೆ ತಣ್ಣಗಾಗಿ ಬಹುತೇಕ ನಿಂತೇಹೋಗಿತ್ತು, ಪ್ಲಾಂಕಿಗೆ ಏನೂ ಕಾಣಲ್ಲ. ಆಮೇಲೆ ಗ್ಯಾಲಕ್ಸಿಗಳ ಗುರುತ್ವದೊಳಗೆ ಬಿದ್ದು ಮತ್ತೆ ಸೆಕೆಂಡಿಗೆ ಇನ್ನೂರು ಮುನ್ನೂರು ಕಿಲೋಮೀಟರ್ ವೇಗ ಪಡೆದವು. ಹಾಗಾಗಿ ಇಂಥ ಕಣಕ್ಕೆ ಆಕಾಶಗಂಗೆಯ ಕಡೆ ನೋಡುವ ಟೆಲಿಸ್ಕೋಪೇ ಪ್ಲಾಂಕಿಗಿಂತ ಚುರುಕು.

ಸಂಜೆ_ಶುಕ್ರ:
ಚುರುಕು ಇರಬಹುದು, ಸಾಕಾ? ವೇಗ ಬೆಳಕಿನ ಸಾವಿರದಲ್ಲಿ ಒಂದು ಅಂದರೆ ಅದರ ವರ್ಗ ಹತ್ತು ಲಕ್ಷದಲ್ಲಿ ಒಂದು. ನೀವು ಮೊದಲು ಕೊಟ್ಟ 10 ಕೋಟಿ ಪಟ್ಟಿನ ಲಾಭದಲ್ಲಿ ಒಂದು ದೊಡ್ಡ ಪಾಲು ಇಲ್ಲೇ ಹೋಯಿತು.

ಬಾನಂಚು:
ಹೋಯಿತು, ಒಪ್ಪುತ್ತೇನೆ, ಷರತ್ತು ಹಾಕಿದ್ದೂ ಅದಕ್ಕೇ. ಆರಂಭದಲ್ಲಿ ಬೇಕಾದ ದರವನ್ನು ಪಿ-ವೇವ್‌ನಲ್ಲಿ ನೇರವಾಗಿ ಮುಟ್ಟುವುದು ಮುಂದಿನ ಟೆಲಿಸ್ಕೋಪಿಗೂ ಕಷ್ಟ. ಆದರೆ ಕಣ ಹುಟ್ಟಿದ್ದು ಹಾಗೇ ಅಂತ ಯಾಕೆ ಹಿಡಿದುಕೊಳ್ಳಬೇಕು? ಬಿಸಿ ಸಾರಿಗೆ ಸರಿಯಾಗಿ ಅಂಟಿಕೊಳ್ಳದೆ ಚೂರುಚೂರೇ ಸೋರಿ ಹುಟ್ಟಿದ ಕಣ ಇರಬಹುದು. ನಿಧಾನವಾಗಿ ಕ್ಷಯಿಸುವ ಕಣ ಇರಬಹುದು. ಕ್ಷಯ ಅಂದರೆ ಜೋಡಿ ಬೇಕಾಗಿಲ್ಲ, ವೇಗದ ಹಂಗಿಲ್ಲ. ಅದರ ಆಯುಷ್ಯ ಬ್ರಹ್ಮಾಂಡದ ವಯಸ್ಸಿಗಿಂತ ಲಕ್ಷಗಟ್ಟಲೆ ಪಟ್ಟು ಜಾಸ್ತಿ ಇದ್ದರೂ ನಡುವೆ ಅಷ್ಟು ಕಣ ಇರುವಾಗ ಕೆಲವು ದಿನಾ ಒಡೆಯುತ್ತಲೇ ಇರುತ್ತವೆ. ನೇರ ಫೋಟಾನ್ ಗೆರೆ ಇದ್ದರಂತೂ ಟೆಲಿಸ್ಕೋಪಿಗೆ ಇನ್ನೂ ಅನುಕೂಲ. ನಾನು ದುಡ್ಡು ಕಟ್ಟುವುದಾದರೆ ಕ್ಷಯದ ಗೆರೆಯ ಮೇಲೆ ಕಟ್ಟುತ್ತೇನೆ.

ಗೆರೆಗಾರ:
ಗಾಮಾ ಬಿಟ್ಟು ಒಂದು ಅಡ್ಡಮಾತು, ಇದನ್ನು ಹೇಳದೆ ಇರೋಕಾಗಲ್ಲ. ಹುಟ್ಟಿದ ಎಲೆಕ್ಟ್ರಾನ್, ಪಾಸಿಟ್ರಾನ್‌ಗಳನ್ನೇ ನೇರವಾಗಿ ಎಣಿಸಬಹುದಲ್ಲ? ಭೂಮಿಯ ಹತ್ತಿರ ಆಗಲ್ಲ, ಸೂರ್ಯನ ಗಾಳಿ ಕೆಲವು ಎಂಇವಿ ಕಣಗಳನ್ನು ಒಳಗೆ ಬಿಡಲ್ಲ. ವಾಯೇಜರ್-1 ಇದೆ. 1977ರಲ್ಲಿ ಹಾರಿದ್ದು, 2012ರ ಆಗಸ್ಟಿನಲ್ಲಿ ಸೂರ್ಯನ ಗಾಳಿಯ ಎಲ್ಲೆ ದಾಟಿ ಹೊರಗೆ ಹೋಯಿತು. ಅಲ್ಲಿಂದ ಅದು ಕಳಿಸಿದ ಎಲೆಕ್ಟ್ರಾನ್ ಎಣಿಕೆಯನ್ನೇ ಹಿಡಿದು ಎಂಇವಿ ಡಾರ್ಕ್ ಮ್ಯಾಟರಿಗೆ ಮಿತಿ ಹಾಕಿದ್ದಾರೆ. ಗ್ರಹ ನೋಡೋಕೆ ಕಳಿಸಿದ ನೌಕೆ!

ಸಂಜೆ_ಶುಕ್ರ:
ಅದೇ ಎಲೆಕ್ಟ್ರಾನ್ ನಕ್ಷತ್ರದ ಬೆಳಕಿಗೆ ಗುದ್ದಿ ಅದನ್ನು ಎಕ್ಸ್-ರೇ ಮಟ್ಟಕ್ಕೆ ಏರಿಸುತ್ತದೆ, ಅದರಿಂದಲೂ ಎಕ್ಸ್-ರೇ ಉಪಗ್ರಹಗಳ ಹಳೇ ಡೇಟಾ ಬಳಸಿ ಮಿತಿ ಹಾಕಿದ್ದಾರೆ. ಹಾಗಾಗಿ ಗಾಮಾ ಒಂದೇ ದಾರಿ ಅಂತಲೂ ಇಲ್ಲ.

ಸುಮ್ನೆ_ಕೇಳ್ದೆ:
ನಾಳೆ ಒಂದು ಗೆರೆ ಕಂಡಿತು ಅಂತಿಟ್ಟುಕೊಳ್ಳಿ. ಅದು ಡಾರ್ಕ್ ಮ್ಯಾಟರ್ ಅಂತ ನಂಬೋದು ಹೇಗೆ? ಹಿಂದೆ ಒಂದು ಗೆರೆ ಬಂದು ಮಾಯ ಆಗಿತ್ತಲ್ಲ.

ಕಾಂಪ್ಟನ್_ಕೋನ:
2012ರ 130 ಜಿಇವಿ ಗೆರೆ. ಫರ್ಮಿ ಡೇಟಾದಲ್ಲಿ ಆಕಾಶಗಂಗೆಯ ನಡುಭಾಗದ ಕಡೆ ಕಂಡಿತು, ದೊಡ್ಡ ಸದ್ದಾಯಿತು. ಆಮೇಲೆ ಭೂಮಿಯ ಅಂಚಿನಿಂದ, ಅಂದರೆ ವಾತಾವರಣಕ್ಕೆ ಕಾಸ್ಮಿಕ್ ಕಿರಣ ಬಡಿದು ಬರುವ ಗಾಮಾದಲ್ಲಿ, ಹೆಚ್ಚುಕಡಿಮೆ ಅದೇ ಶಕ್ತಿಯಲ್ಲಿ ಒಂದು ಉಬ್ಬು ಕಂಡಿತು. ಭೂಮಿಯ ಗಾಳಿಯಲ್ಲಿ ಡಾರ್ಕ್ ಮ್ಯಾಟರ್ ಗೆರೆ ಬರೋಕೆ ಸಾಧ್ಯ ಇಲ್ಲ. ಡೇಟಾ ಸೇರುತ್ತಾ ಹೋದ ಹಾಗೆ ನಡುಭಾಗದ ಗೆರೆಯೂ ಕರಗಿತು.

ಎಂಇವಿಯಲ್ಲಿ ನಾನಾದರೆ ಮೊದಲು ಕೇಳುವುದು, ಗೆರೆ ಉಪಗ್ರಹದ ವಯಸ್ಸಿನ ಜೊತೆ ಏರುತ್ತಿದೆಯಾ ಅಂತ. ಏರುತ್ತಿದ್ದರೆ ಅದು ನಮ್ಮದೇ ಲೋಹದ ವಿಕಿರಣ, ಅಲ್ಲಿಗೇ ಮುಗಿಯಿತು. ದಕ್ಷಿಣ ಅಟ್ಲಾಂಟಿಕ್ ಮೇಲೆ ಕಣಗಳು ದಟ್ಟವಾಗಿರುವ ಜಾಗ ದಾಟಿ ಬಂದ ತಕ್ಷಣ ಜಿಗಿಯುತ್ತಿದ್ದರೂ ಹಾಗೇ. ಆಮೇಲೆ ನ್ಯೂಕ್ಲಿಯಸ್ ಗೆರೆಗಳ ಪಟ್ಟಿ, ಎಂಇವಿಯಲ್ಲಿ: 1.157 ಟೈಟಾನಿಯಂ-44, 1.173 ಮತ್ತು 1.332 ಕಬ್ಬಿಣ-60ರ ಸಂತತಿ, 1.809 ಅಲ್ಯೂಮಿನಿಯಂ, 2.223 ಹೈಡ್ರೋಜನ್ ನ್ಯೂಟ್ರಾನ್ ಹಿಡಿದಾಗ, 4.44 ಕಾರ್ಬನ್. ಇವುಗಳ ಪಕ್ಕ ಬಂದರೆ ನಾನು ಪಾರ್ಟಿ ಮಾಡಲ್ಲ. ಅದೆಲ್ಲ ದಾಟಿದರೆ ಆಕಾಶದಲ್ಲಿ ಹರಡಿರುವ ರೀತಿ ನೋಡಬೇಕು. ಡ್ರಾಕೋ ತರಹದ ಕುಬ್ಜ ಗ್ಯಾಲಕ್ಸಿಗಳಲ್ಲಿ ಅನಿಲ ಇಲ್ಲ, ಹೊಸ ನಕ್ಷತ್ರ ಇಲ್ಲ, ಡಾರ್ಕ್ ಮ್ಯಾಟರ್ ಮಾತ್ರ ಯಥೇಚ್ಛ. ಅಲ್ಲೂ ಅದೇ ಶಕ್ತಿಯಲ್ಲಿ ಕಂಡರೆ ಆಗ ನಿದ್ದೆ ಬಿಡಬಹುದು.

ಸುಮ್ನೆ_ಕೇಳ್ದೆ:
ಹೊಸ ಉಪಗ್ರಹ ಯಾವುದಾದರೂ ಬರುತ್ತಿದೆಯಾ?

ಕಾಂಪ್ಟನ್_ಕೋನ:
ನಾಸಾದ ಕೋಸಿ. 2021ರಲ್ಲಿ ಆಯ್ಕೆ ಆಯಿತು, 2027ಕ್ಕೆ ಹಾರಿಸುವ ಯೋಜನೆ. 16 ಜರ್ಮೇನಿಯಂ ಡಿಟೆಕ್ಟರ್, 0.2ರಿಂದ 5 ಎಂಇವಿ, ಒಂದೇ ಸಲಕ್ಕೆ ಆಕಾಶದ ಕಾಲು ಭಾಗ. ಸಮಭಾಜಕದ ಮೇಲೇ ಸುತ್ತುತ್ತದೆ, ಆ ಅಟ್ಲಾಂಟಿಕ್ ಕಾಟ ಕಡಿಮೆ ಮಾಡೋಕೆ. ಇದರ ಹಿಂದಿನ ರೂಪ 2016ರಲ್ಲಿ ನ್ಯೂಜಿಲೆಂಡಿನಿಂದ ಬಲೂನಿನಲ್ಲಿ ಹೋಗಿ 46 ದಿನ ಹಾರಿತ್ತು, ಅಷ್ಟರಲ್ಲೇ 511 ಗೆರೆ ಕಂಡಿತ್ತು.

ಸಂಜೆ_ಶುಕ್ರ:
5 ಎಂಇವಿಗೆ ನಿಲ್ಲುತ್ತದೆ ಅನ್ನೋದನ್ನ ಯಾರಾದರೂ ಗಮನಿಸಿದಿರಾ? ಜೋಡಿ ನಾಶದ ಗೆರೆ ಹುಡುಕಿದರೆ ಕಣ 5 ಎಂಇವಿಯೊಳಗೆ ಇರಬೇಕು, ಬಾನಂಚು ಆಗಲೇ ಹೇಳಿದ ಹಾಗೆ ಆ ತೂಕ ಮೊದಲ ನಿಮಿಷಗಳ ಲೆಕ್ಕಕ್ಕೇ ಹೊಂದಲ್ಲ. ರೋಹಿತ ನಿಜವಾಗಿ ಚೆನ್ನಾಗಿರುವ 10ರಿಂದ 100 ಎಂಇವಿ ಜಾಗವನ್ನೂ ನೋಡುವ ಹಾಗೆ ಯೋಚಿಸಿದ ಇ-ಆಸ್ಟ್ರೋಗ್ಯಾಮ್, ಅಮೀಗೋ-ಎಕ್ಸ್ ಎರಡೂ ಪ್ರಸ್ತಾವನೆಯಾಗೇ ಉಳಿದಿವೆ.

ಬಾನಂಚು:
ಜೋಡಿ ನಾಶಕ್ಕೆ ನೀವು ಹೇಳಿದ್ದು ಸರಿ. ಕ್ಷಯಕ್ಕೆ ಆದರೆ 5 ಎಂಇವಿ ಗೆರೆ ಅಂದರೆ 10 ಎಂಇವಿ ಕಣ. ಬಿಸಿ ಸಾರಿನಲ್ಲಿ ಬೇಯದ ಕಣಕ್ಕೆ ಆ ಮೊದಲ ನಿಮಿಷಗಳ ತಕರಾರೂ ಇಲ್ಲ. ಜೊತೆಗೆ 511ರ ನಕ್ಷೆ ಎಸ್‌ಪಿಐಗಿಂತ ಚೆನ್ನಾಗಿ ಬರುತ್ತದೆ. ಉಬ್ಬಿನ ಹೊಳಪು ಹಳೆಯ ನಕ್ಷತ್ರಗಳ ಹಾಗೆ ಹರಡಿದೆಯಾ, ಡಾರ್ಕ್ ಮ್ಯಾಟರಿನ ಹಾಗೆ ಸಮನಾಗಿ ಗುಂಡಗಿದೆಯಾ ಅಂತ ಗೆರೆಗಾರರ ಹಠಕ್ಕೆ ಒಂದು ಗತಿ ಕಾಣಿಸಬಹುದು.

ಗೆರೆಗಾರ:
ಗುಂಡಗೆ ಬಂದರೆ ಇದೇ ಥ್ರೆಡ್‌ಗೆ ನಿಮ್ಮನ್ನೆಲ್ಲ ಟ್ಯಾಗ್ ಮಾಡುತ್ತೇನೆ.

ಸುಮ್ನೆ_ಕೇಳ್ದೆ:
ಕೊನೇ ಪ್ರಶ್ನೆ. ಜೋಡಿ ನಾಶವೋ ಕ್ಷಯವೋ ಅಂತ ಗೆರೆ ನೋಡಿ ಹೇಳೋಕಾಗುತ್ತಾ? ಎರಡೂ ಚೂಪು ಗೆರೆನೇ ಅಲ್ವಾ.

ಕಾಂಪ್ಟನ್_ಕೋನ:
ಗೆರೆ ನೋಡಿ ಆಗಲ್ಲ. 3 ಎಂಇವಿ ಕಣ ಜೋಡಿಯಾಗಿ ನಾಶವಾದರೂ, 6 ಎಂಇವಿ ಕಣ ಕ್ಷಯಿಸಿದರೂ ಗೆರೆ 3ರಲ್ಲೇ. ನಕ್ಷೆ ಹೇಳುತ್ತದೆ. ನಾಶ ಸಾಂದ್ರತೆಯ ವರ್ಗಕ್ಕೆ ಹೋಗುವುದರಿಂದ ನಡುವಿನಲ್ಲಿ ಕಡಿದಾಗಿ ಏರುತ್ತದೆ. ಕ್ಷಯ ಸಾಂದ್ರತೆಗೆ ನೇರ, ಹಾಗಾಗಿ ಇಡೀ ಆಕಾಶದಲ್ಲಿ ತೆಳುವಾಗಿ ಹರಡಿರುತ್ತದೆ, ನಡುಭಾಗದ ಎದುರು ದಿಕ್ಕಿನಲ್ಲೂ ಒಂದಿಷ್ಟು ಇರಲೇಬೇಕು. ಕಾಲು ಆಕಾಶ ಒಟ್ಟಿಗೆ ನೋಡುವ ಉಪಕರಣಕ್ಕೆ ಅಂಥ ತೆಳು ಹೊಳಪು ಬೇರ್ಪಡಿಸೋಕೆ ಒಂದು ಅವಕಾಶ ಇದೆ.